ಹಿಯರ್, ಲಿಸನ್ ಮತ್ತು ಕೆರೆ ಬದಿಯ ಕರೆ

ಮೊದಲು ಒಂದು ಬೀಪ್. ಆಮೇಲೆ, ಯಾರೋ ಉಸಿರೆಳೆದುಕೊಂಡು ಮಾತಾಡಲು ತಯಾರಾಗುವಷ್ಟು ಹೊತ್ತು ಮೌನ. ಆಮೇಲೆ ಒಬ್ಬ ಗಂಡಸಿನ ದನಿ, ಇಸ್ತ್ರಿ ಹಾಕಿದ ಹಾಗೆ ಒಂದು ಸುಕ್ಕೂ ಇಲ್ಲದ್ದು: "ಯು ವಿಲ್ ಹಿಯರ್ ದ ರೆಕಾರ್ಡಿಂಗ್ ಓನ್ಲಿ ಒನ್ಸ್." ಒಂದೇ ಸಲ ಕೇಳಿಸುತ್ತದೆ, ಎರಡನೆಯ ಸಲ ಇಲ್ಲ.

ಮಳೆಗಾಲ ಮುಗಿದ ಮೇಲಿನ ಆ ತಿಂಗಳುಗಳಲ್ಲಿ, ಕಾವೂರಿನ ನನ್ನ ಮನೆಯ ಮುಂದಿನ ಕೋಣೆಯಲ್ಲಿ, ಹೆಚ್ಚಾಗಿ ಸಂಜೆ ಹೊತ್ತು ಈ ಶಬ್ದಗಳು ಇದೇ ಕ್ರಮದಲ್ಲಿ ಬರುತ್ತಿದ್ದವು. ಮೊಬೈಲಿಗೆ ಸಿಕ್ಕಿಸಿದ, ಜಾಮ್ ಬಾಟಲಿಯಷ್ಟು ದೊಡ್ಡ ಸ್ಪೀಕರಿನಿಂದ. ಈಗಲೂ ಬ್ಯಾಂಕಿನಲ್ಲೋ ಡಾಕ್ಟರ ಕ್ಲಿನಿಕ್ಕಿನಲ್ಲೋ ಅಂಥ ಬೀಪ್ ಬಂದರೆ ನಾನು ಇದ್ದಲ್ಲೇ ನಿಂತು ಮುಂದಿನ ವಾಕ್ಯಕ್ಕೆ ಕಾಯುತ್ತೇನೆ. ಹಿಂದಿನಿಂದ ಯಾರಾದರೂ "ಅಜ್ಜಿ, ಮುಂದೆ ಹೋಗಿ" ಎಂದು ಹೇಳುವವರೆಗೆ.

ನಾನು ಬದುಕಿಡೀ ಇಂಗ್ಲಿಷ್ ಟೀಚರ್. ಕಲಿತದ್ದು ಕಾನ್ವೆಂಟಿನಲ್ಲಿ, ಕಲಿಸಿದ್ದೂ ಕಾನ್ವೆಂಟಿನಲ್ಲಿ. ರಿಟೈರ್ ಆದ ಮೇಲೆ ಮನೆಯಲ್ಲೇ ಟ್ಯೂಷನ್. ನನಗೆ ಇಂಗ್ಲಿಷ್ ಕಲಿಸಿದ ಸಿಸ್ಟರ್ ಒಬ್ಬರು ಸ್ಕೇಲನ್ನು ಮೇಜಿಗೆ ಬಡಿದು, "ವಾಟ್ ಡಿಡ್ ಯು ಹಿಯರ್?" ಎಂದು ಕೇಳುತ್ತಿದ್ದರು. ಸ್ಕೇಲ್, ಸಿಸ್ಟರ್, ಎಂದು ಇಡೀ ಕ್ಲಾಸು ಹೇಳುತ್ತಿತ್ತು. "ನೌ ಕ್ಲೋಸ್ ಯುವರ್ ಐಸ್ ಆ್ಯಂಡ್ ಲಿಸನ್." ಕಣ್ಣು ಮುಚ್ಚಿ ಕೂತರೆ ನಿಧಾನಕ್ಕೆ ಗೋಡೆಯ ಗಡಿಯಾರ ಕೇಳಲು ಶುರುವಾಗುತ್ತಿತ್ತು. ಅದು ಬೆಳಗಿನಿಂದ ನಡೆಯುತ್ತಲೇ ಇತ್ತು, ನಮ್ಮ ತಲೆಯ ಮೇಲೆಯೇ. ಹಿಯರ್ ಮತ್ತು ಲಿಸನ್ ಎಂಬ ಎರಡು ಪದಗಳ ವ್ಯತ್ಯಾಸವನ್ನು ನಾನು ಕಲಿತದ್ದು ಹಾಗೆ. ಜೊತೆಗೆ ಸ್ವಲ್ಪ ಹೆದರಿಕೆಯನ್ನೂ ಕಲಿತೆ. ನಾವು ಕಿವಿ ಕೊಡದೆ ಇರುವಾಗ ಸುತ್ತ ಇನ್ನೂ ಏನೇನು ನಡೆಯುತ್ತಿರಬಹುದು ಎಂಬ ಹೆದರಿಕೆ.

ಈಗ ನನ್ನ ಕಿವಿಯೇ ಮಂದ. ಎರಡೂ ಕಿವಿಗೆ ಮೆಷಿನ್ ಉಂಟು. ತೆಗೆದಿಟ್ಟರೆ ನೀರಿನೊಳಗೆ ಮುಳುಗಿದ ಹಾಗೆ. ಮಿಕ್ಸಿ ತಿರುಗುವುದು ಕೈಗೆ ಗೊತ್ತಾಗುತ್ತದೆ, ಕಿವಿಗೆ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಅವಳು ನನ್ನ ಹತ್ತಿರ ಬಂದದ್ದು ಆ ಬೀಪ್ ಬರುವ ಇಂಗ್ಲಿಷ್ ಪರೀಕ್ಷೆಗೆಂದು. ನರ್ಸ್. ಪ್ರಾಯ ಮೂವತ್ತು ದಾಟಿತ್ತು. ಊರಿನ ಒಂದು ಆಸ್ಪತ್ರೆಯಲ್ಲಿ ಕೆಲಸ, ಮನೆ ನಮ್ಮ ಎದುರಿನ ಕೆರೆಯ ಆಚೆ ಬದಿಯಲ್ಲಿ. ತುಳು ಮನೆಮಾತಿನವರು. ಮದುವೆಯಾಗಿರಲಿಲ್ಲ. ಹಿಂದಿನ ವರ್ಷ ತಾಯಿ ತೀರಿಕೊಂಡಿದ್ದರು. ಅವಳ ಜೊತೆಗಿರಲು ಪಡೀಲಿನಿಂದ ತಾಯಿಯ ತಂಗಿ ಬಂದು ನಿಂತಿದ್ದರು. ಐರ್ಲೆಂಡಿನ ಒಂದು ಆಸ್ಪತ್ರೆ ಅವಳನ್ನು ತೆಗೆದುಕೊಳ್ಳಲು ಒಪ್ಪಿತ್ತು, ಇಂಗ್ಲಿಷ್ ಪರೀಕ್ಷೆ ಪಾಸಾದರೆ ಮಾತ್ರ. ರೀಡಿಂಗ್ ಪಾಸು, ರೈಟಿಂಗ್ ಪಾಸು, ಸ್ಪೀಕಿಂಗ್ ಕೂಡ ಪಾಸು. ಲಿಸನಿಂಗ್ ಎರಡು ಸಲ ಫೇಲ್. ಇನ್ನೊಮ್ಮೆ ಫೇಲಾದರೆ ಆ ಕೆಲಸ ಬೇರೆಯವರಿಗೆ.

ಮೊದಲ ದಿನ ಅವಳನ್ನು ಬಿಟ್ಟುಹೋಗಲು ಚಿಕ್ಕಮ್ಮನೂ ಬಂದಿದ್ದರು. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ನನ್ನನ್ನು ಬಾಯಮ್ಮ ಎಂದೇ ಕರೆದರು. ಬೆತ್ತದ ಕುರ್ಚಿಯಲ್ಲಿ ಕಾಲು ಮಡಚಿ ಕೂತು, ಚಾ ಕುಡಿದು, ನನ್ನ ಫರ್ನ್ ಗಿಡಗಳಿಗೆಲ್ಲ ಒಂದೊಂದು ಕುಂದು ಹೇಳಿ, ಕೊನೆಗೆ ವಿಷಯಕ್ಕೆ ಬಂದರು.

"ಬಾಯಮ್ಮ, ಇವಳು ಮನೆಯಲ್ಲಿ ತುಳುವೇ ಮಾತಾಡುವುದಿಲ್ಲ. ಇಂಗ್ಲಿಷ್ ಕಲಿತು ಎಂತ ಮಾಡುವುದು? ಅಲ್ಲಿಯೂ ಸುಮ್ಮನೆ ಕೂತರೆ ಅವರು ಸಂಬಳ ಕೊಡ್ತಾರಾ?"

ಅವಳು ನಕ್ಕಳು, ಅಷ್ಟೆ.

ನಾನು ಪರೀಕ್ಷೆ ಮಾಡಿದೆ. ನಾನೇ ಓದಿ ಹೇಳಿದರೆ ಎಲ್ಲ ಉತ್ತರ ಸರಿ. ಸ್ಪೀಕರಿನಲ್ಲಿ ಹಾಕಿದರೆ, ಬೀಪ್ ಆಗಿ ದನಿ ಶುರುವಾದ ಕೂಡಲೆ ಅವಳ ಪೆನ್ಸಿಲು ಗಾಳಿಯಲ್ಲೇ ನಿಲ್ಲುತ್ತಿತ್ತು. ಕತ್ತು ಸ್ವಲ್ಪ ಓರೆ. ಕಣ್ಣು ಕಿಟಕಿಯ ಕಡೆ. ಅತ್ತ ಕೆರೆ. ರೆಕಾರ್ಡಿಂಗ್ ಮುಗಿಯುವಾಗ ಕಾಗದ ಖಾಲಿ. ಅದನ್ನೇ ಎರಡನೆಯ ಸಲ ಹಾಕಿದರೆ ಒಂದೂ ತಪ್ಪಿಲ್ಲದೆ ಬರೆಯುತ್ತಿದ್ದಳು. ಕಿವಿಯ ದೋಷವಲ್ಲ, ಇಂಗ್ಲಿಷಿನ ದೋಷವೂ ಅಲ್ಲ. ಅವಳು ಎರಡನೆಯ ಸಲಕ್ಕೆ ಕಾಯುತ್ತಿದ್ದಳು. ನನ್ನ ಇಷ್ಟು ವರ್ಷದ ಸರ್ವೀಸಿನಲ್ಲಿ ಹಾಗೆ ಕಾಯುವವರನ್ನು ನಾನು ಕಂಡಿರಲಿಲ್ಲ. ಗಮನವಿಲ್ಲದ ಮಕ್ಕಳನ್ನು ನೋಡಿದ್ದೆ. ಇವಳದ್ದು ಗಮನ ಹೆಚ್ಚಾದ ಕಾಯಿಲೆ.

ಟೀಚರಿಗೆ ಬೇರೆ ಮದ್ದು ಗೊತ್ತಿರುವುದಿಲ್ಲ. ಪಾಠ ಶುರು ಮಾಡಿದೆ. ಹಿಯರ್ ಎಂದರೆ ಶಬ್ದ ನಿನ್ನ ಹತ್ತಿರ ಬರುವುದು, ನೀನು ಕರೆದರೂ ಕರೆಯದಿದ್ದರೂ. ಲಿಸನ್ ಎಂದರೆ ನೀನು ಎದ್ದು ಶಬ್ದದ ಹತ್ತಿರ ಹೋಗುವುದು. ಹೋಗಲಿಕ್ಕೆ ದಾರಿ ಬೇಕಲ್ಲ, ಅದಕ್ಕೇ ಲಿಸನ್ನಿಗೆ ಯಾವಾಗಲೂ ಒಂದು 'ಟು' ಬೇಕು. ಲಿಸನ್ ಮಿ ಅಲ್ಲ, ಲಿಸನ್ ಟು ಮಿ. ಹಿಯರಿಗೆ ಅದು ಬೇಡ. ಅದು ನೇರ ಒಳಗೆ ಬರುತ್ತದೆ, ಚಪ್ಪಲಿಯನ್ನೂ ಕಳಚದೆ. ಕನ್ನಡದಲ್ಲಿ ಎರಡಕ್ಕೂ 'ಕೇಳು' ಎಂದು ಹೇಳಿ ಮುಗಿಸುತ್ತೇವೆ, ಪ್ರಶ್ನೆ ಕೇಳುವುದಕ್ಕೂ ಅದೇ. ತುಳುವಿನಲ್ಲಿಯೂ ಹಾಗೆಯೇ ಎಂದು ಅವಳು ಹೇಳಿದಳು. ಹಾಗಾಗಿ ನಮ್ಮ ಮಕ್ಕಳಿಗೆ ಈ ಎರಡು ಪದ ಬೇರೆ ಬೇರೆ ಕಾಣುವುದಿಲ್ಲ. ಪರೀಕ್ಷೆಯ ಹೆಸರು ಲಿಸನಿಂಗ್, ಆದರೆ ಆ ಗಂಡಸು ಹೇಳುವುದು ಯು ವಿಲ್ ಹಿಯರ್ ಎಂದು. ಕೇಳಿಸುವುದು ಅವನ ಜವಾಬ್ದಾರಿ, ಕಿವಿಗೊಡುವುದು ನಿನ್ನದು.

ಅವಳು ತಲೆಯಾಡಿಸಿದಳು. ನಾನು ಮುಂದೆ ಹೋದೆ. ಐ ಆ್ಯಮ್ ಲಿಸನಿಂಗ್ ಎಂದು ಹೇಳಬಹುದು, ಐ ಆ್ಯಮ್ ಹಿಯರಿಂಗ್ ಎಂದು ಸಾಮಾನ್ಯವಾಗಿ ಹೇಳುವುದಿಲ್ಲ. ಜಡ್ಜ್ ಒಬ್ಬರು ಕೇಸ್ ಹಿಯರ್ ಮಾಡುತ್ತಾ ಇರಬಹುದು, ಅದು ಬೇರೆ. ಇನ್ನೊಂದು ಕಡೆ ಬರುತ್ತದೆ: ಶಿ ಈಸ್ ಹಿಯರಿಂಗ್ ಥಿಂಗ್ಸ್. ಅಂದರೆ ಪಾಪ, ಅವಳಿಗೆ ಇಲ್ಲದ್ದು ಕೇಳಿಸುತ್ತಾ ಇದೆ.

ಹೊರಗೆ ಬೆಳಕು ಹೋಗಲು ಶುರುವಾಗಿತ್ತು. ಕೆರೆಯ ಮೇಲಿನಿಂದ ಸೊಳ್ಳೆಗಳು ಬರುವ ಹೊತ್ತು, ಕಿಟಕಿ ಮುಚ್ಚಬೇಕು. ಅವಳು ತುಂಬ ಮೆಲ್ಲಗೆ ಕೇಳಿದಳು.

"ಹಾಗಾದರೆ ಇದ್ದದ್ದೇ ಕೇಳ್ತಾ ಇದ್ದರೆ ಎಂತ ಹೇಳುವುದು, ಟೀಚರ್?"

"ಐ ಕ್ಯಾನ್ ಹಿಯರ್ ಇಟ್, ಅಂತ."

"ಐ ಕ್ಯಾನ್ ಹಿಯರ್ ಇಟ್," ಎಂದಳು, ಕಿಟಕಿಯನ್ನು ನೋಡುತ್ತಾ. ಉಚ್ಚಾರ ಸರಿಯಾಗಿತ್ತು. ನಾನು ಎದ್ದು ಹೋಗಿ ಕಿಟಕಿ ಮುಚ್ಚಿದೆ.

ಎರಡೂ ಪದ ಸೇರಿಸಿ ವಾಕ್ಯ ಮಾಡು ಎಂದು ನಾನು ಹೇಳಿದ್ದು ಅದರ ಮರುವಾರ. ಎಲ್ಲರೂ ಮಾಡುವ ವಾಕ್ಯವೇ ಬರಬಹುದೆಂದುಕೊಂಡಿದ್ದೆ, ರೇಡಿಯೋ, ಹಕ್ಕಿ ಎಂದೆಲ್ಲ. ಅವಳು ಇಂಗ್ಲಿಷಿನಲ್ಲಿ ಹೇಳಿದಳು: ಐ ಹರ್ಡ್ ಮೈ ಮದರ್ ಕಾಲ್. ಐ ಲಿಸನ್ಡ್ ಫಾರ್ ದ ಸೆಕೆಂಡ್ ಒನ್.

ಲಿಸನ್ ಫಾರ್ ಎಂಬುದನ್ನು ನಾನು ಇನ್ನೂ ಕಲಿಸಿರಲಿಲ್ಲ. ಇನ್ನೂ ಬಾರದ ಶಬ್ದಕ್ಕೆ ಕಿವಿಯಾನಿಸಿ ಕಾಯುವುದಕ್ಕೆ ಅದನ್ನೇ ಹೇಳಬೇಕು. ಹರ್ಡ್ ಮೈ ಮದರ್ ಕಾಲ್ ಎಂದದ್ದೂ ಸರಿ. ಕಾಲಿಂಗ್ ಎಂದಿದ್ದರೆ ಕರೆಯುತ್ತಲೇ ಇದ್ದರು ಎಂದಾಗುತ್ತಿತ್ತು. ಕಾಲ್ ಎಂದರೆ ಒಮ್ಮೆ ಕರೆದರು, ಕರೆದು ಮುಗಿಯಿತು. ವ್ಯಾಕರಣಕ್ಕೆ ನೂರಕ್ಕೆ ನೂರು ಕೊಡಬಹುದಾದ ವಾಕ್ಯ. ನಾನು ಸ್ಪೀಕರಿನ ಸ್ವಿಚ್ ಆಫ್ ಮಾಡಿ ಅವಳ ಹತ್ತಿರ ಕೂತೆ. ಉಳಿದದ್ದನ್ನು ಅವಳು ಕನ್ನಡದಲ್ಲೇ ಹೇಳಿದಳು.

ಅವರ ಮನೆಯಲ್ಲಿ, ಅವರ ಕಡೆಯ ಎಷ್ಟೋ ಮನೆಗಳಲ್ಲಿ, ಒಂದು ಕ್ರಮ ಉಂಟು. ದೀಪ ಹಚ್ಚುವ ಹೊತ್ತಿಗೆ ಹೊರಗಿನಿಂದ ಯಾರಾದರೂ ಕರೆದರೆ ಮೊದಲ ಕರೆಗೆ ಓ ಎನ್ನಬಾರದು. ಸತ್ತವರ ಆತ್ಮಕ್ಕೆ ಅವರು ಕುಲೆ ಎನ್ನುತ್ತಾರೆ. ಕುಲೆಗೆ ಒಂದೇ ಸಲ ಕರೆಯಲು ಆಗುವುದಂತೆ. ಓ ಎಂದರೆ ಸಿಕ್ಕಿಬಿದ್ದ ಹಾಗೆ. ಮನುಷ್ಯರಾದರೆ ಮತ್ತೊಮ್ಮೆ ಕರೆಯುತ್ತಾರೆ. ಇದನ್ನು ಅವಳಿಗೆ ಕಲಿಸಿದ್ದು ತಾಯಿಯೇ, ಅವಳು ಅಂಗಳದಲ್ಲಿ ಆಡುವ ಮಗುವಾಗಿದ್ದಾಗಿನಿಂದ. ಹಾಗಾಗಿ ಆ ಮನೆಯಲ್ಲಿ ಎಲ್ಲರೂ ಎರಡೆರಡು ಸಲ ಕರೆಯುವವರು. ಮಗಾ, ಎಂದು ಒಮ್ಮೆ. ತುಸು ತಡೆದು ಇನ್ನೊಮ್ಮೆ, ಮಗಾ.

ಆ ದಿನ ಅವಳು ಡ್ಯೂಟಿ ಮುಗಿಸಿ ಬಂದು, ಮಿಂದು, ದೇವರ ದೀಪಕ್ಕೆ ಬತ್ತಿ ಇಡುತ್ತಿದ್ದಳು. ತಾಯಿ ಒಣಗಿದ ಬಟ್ಟೆ ತರಲೆಂದು ಹಿತ್ತಲಿಗೆ ಹೋಗಿದ್ದರು. ಬಾವಿಯ ಕಡೆಯಿಂದ ಮಗಾ ಎಂದು ಕೇಳಿತು. ಕಡ್ಡಿ ಗೀರಲು ಹೊರಟವಳು ಹಾಗೆಯೇ ನಿಂತಳು. ಎರಡನೆಯದ್ದಕ್ಕೆ ಕಾದಳು. ಬರಲಿಲ್ಲ. ಹಾಗಾದರೆ ಅದು ಅಮ್ಮ ಅಲ್ಲ ಎಂದು ನಿಶ್ಚಯಿಸಿ ದೀಪ ಹಚ್ಚಿದಳು, ಊದುಬತ್ತಿ ಹಚ್ಚಿದಳು, ಕಣ್ಣು ಮುಚ್ಚಿ ಕೈ ಮುಗಿದಳು. ಆಮೇಲೆ ಹಿತ್ತಲಿಗೆ ಹೋದರೆ ತಾಯಿ ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ ಬಿದ್ದಿದ್ದರು. ಸ್ಟ್ರೋಕ್. ಬಾಯಿ ಒಂದು ಬದಿಗೆ ಸರಿದಿತ್ತು. ಕಣ್ಣು ತೆರೆದೇ ಇತ್ತು, ಮನೆಯ ಕಡೆ ನೋಡುತ್ತಾ. ಒಮ್ಮೆ ಕರೆಯುವಷ್ಟರಲ್ಲೇ ಮಾತು ನಿಂತುಹೋಗಿತ್ತು. ಬೆಳಗಾಗುವುದರೊಳಗೆ ತೀರಿಕೊಂಡರು.

"ನಾನು ನರ್ಸ್, ಟೀಚರ್," ಎಂದಳು. "ಸ್ಟ್ರೋಕಿಗೆ ಒಂದೊಂದು ನಿಮಿಷ ಎಷ್ಟು ಬೆಲೆ ಅಂತ ಬೇರೆಯವರಿಗೆ ಹೇಳಿಕೊಡುವವಳು."

ಪುಸ್ತಕ ಮುಚ್ಚಿಟ್ಟು ಮುಂದುವರಿಸಿದಳು. "ಈಗ ದಿನಾ ಬರ್ತದೆ. ಅದೇ ಹೊತ್ತಿಗೆ. ಒಂದೇ ಸಲ. ನಾನು ಓ ಅನ್ನುವುದಿಲ್ಲ. ಓ ಅಂದರೆ ಅಮ್ಮ ಸತ್ತಿದ್ದಾರೆ ಅಂತ ಆಯಿತಲ್ಲ, ಕುಲೆ ಅಂತ ಒಪ್ಪಿದ ಹಾಗೆ. ಅನ್ನದಿದ್ದರೆ ಅಮ್ಮನನ್ನು ಇನ್ನೊಮ್ಮೆ ಬಿಟ್ಟುಹಾಕಿದ ಹಾಗೆ. ಐರ್ಲೆಂಡಿಗೆ ಹೋದರೆ ಮಗಾ ಅಂತ ಕರೆಯುವವರು ಯಾರೂ ಇಲ್ಲ. ಅದಕ್ಕೇ ಹೋಗ್ಬೇಕು."

ಪರೀಕ್ಷೆಯ ಮೇಲೆ ಏನು ನಿಂತಿದೆ ಎಂದು ನನಗೆ ಆಗ ಅರ್ಥವಾಯಿತು. ಬೀಪ್ ಆದ ಮೇಲೆ ಬರುವ ಯಾವ ದನಿಯೂ ಅವಳಿಗೆ ಆ ಮೊದಲನೆಯ ಕರೆಯೇ. ಅದಕ್ಕೆ ಉತ್ತರ ಕೊಡಬಾರದೆಂದು ಮೈ ಕಲಿತಿತ್ತು, ಕೊಡದೆ ಇದ್ದದ್ದಕ್ಕೆ ಮನಸ್ಸು ಸುಟ್ಟಿತ್ತು. ನಡುವೆ ಪೆನ್ಸಿಲು ನಿಂತಿತ್ತು.

ನಾನು ಮಾಡಿದ ಉಪಾಯ ಯಾವ ಪುಸ್ತಕದಲ್ಲೂ ಇಲ್ಲ. ಬೀಪ್ ಆಗಿ ಮೊದಲ ಮಾತು ಕೇಳಿದ ಕೂಡಲೆ ನೀನು ಓ ಎನ್ನಬೇಕು, ಆಮೇಲೆ ಬರೆಯಬೇಕು, ಎಂದೆ. ಅವಳ ಮುಖ ಬೆಳ್ಳಗಾಯಿತು. ಸಂಜೆ ಬೇಡ, ಮಧ್ಯಾಹ್ನ ಮಾಡುವ ಎಂದೆ. ರಜೆಯ ದಿನಗಳಲ್ಲಿ ನಡು ಮಧ್ಯಾಹ್ನ, ಕಿಟಕಿ ಬಾಗಿಲು ತೆರೆದಿಟ್ಟು, ರಸ್ತೆಯಲ್ಲಿ ಮೀನಿನವನ ಸ್ಕೂಟರ್ ಹಾರ್ನ್ ಹೊಡೆಯುವಾಗ ಶುರು ಮಾಡಿದೆವು. ಬೀಪ್. ಗಂಡಸಿನ ದನಿ. ಅವಳು ತುಟಿಯಲ್ಲೇ ಓ ಎನ್ನುತ್ತಿದ್ದಳು, ಪೆನ್ಸಿಲು ಚಲಿಸುತ್ತಿತ್ತು. ಒಂದು ಬಿಸಿನೆಸ್ ಮ್ಯಾನೇಜರ್ ಹೋಟೆಲ್ ರೂಮ್ ಬುಕ್ ಮಾಡುವುದಕ್ಕೆ, ಒಬ್ಬ ಮುದುಕ ಮೊಣಕಾಲು ನೋವಿನ ವಿಷಯ ಹೇಳುವುದಕ್ಕೆ, ಎಲ್ಲದಕ್ಕೂ ಓ. ನಗು ಬರುತ್ತಿತ್ತು ನಮಗಿಬ್ಬರಿಗೂ. ಆಮೇಲೆ ನಾಲ್ಕು ಗಂಟೆಗೆ ಸರಿಸಿದೆವು. ಆಮೇಲೆ ಐದಕ್ಕೆ.

ಸುದ್ದಿ ಚಿಕ್ಕಮ್ಮನಿಗೆ ಮುಟ್ಟಿತು. ಒಂದು ಸೀಪು ಬಾಳೆಹಣ್ಣು ಹಿಡಿದುಕೊಂಡೇ ಜಗಳಕ್ಕೆ ಬಂದರು. "ಎಂತ ಬಾಯಮ್ಮ ಇದು? ನಿಮ್ಮವರಿಗೆ ಕುಲೆ ಇಲ್ಲ. ನಮಗೆ ಉಂಟು. ಇವಳು ಓ ಓ ಅಂತ ಹೇಳಿ ಕೊನೆಗೆ ಅಕ್ಕನ ಹಿಂದೆ ಹೋದರೆ ಐರ್ಲೆಂಡಿಗೆ ನೀವು ಹೋಗ್ತೀರಾ?"

ನಮಗೂ ಉಂಟು ಎಂದೆ. ನವೆಂಬರಿನಲ್ಲಿ ನಾವೆಲ್ಲ ಸಮಾಧಿಗಳಿಗೆ ಹೂ ಇಟ್ಟು ಕ್ಯಾಂಡಲ್ ಹಚ್ಚುತ್ತೇವಲ್ಲ, ಯಾರಿಗೆ ಅಂದುಕೊಂಡಿದ್ದೀರಿ?

ಚಿಕ್ಕಮ್ಮ ಬಾಳೆಹಣ್ಣನ್ನು ಮೇಜಿನ ಮೇಲಿಟ್ಟರು. "ಹಚ್ಚಿ ಮಾರಾಯ್ರೆ, ಬೇಡ ಅನ್ನುವುದಿಲ್ಲ. ಅವರು ಕರೆದರೆ ತೆಗೆಯಬೇಡಿ ಅಷ್ಟೆ. ಕುಲೆ ಕೊಡುವುದು ಮಿಸ್ಡ್ ಕಾಲ್. ವಾಪಸ್ ಮಾಡಿದರೆ ನಮ್ಮ ಕರೆನ್ಸಿ ಹೋಗ್ತದೆ." ಹೇಳಿ ತಾವೇ ನಕ್ಕರು. ನಗುವುದನ್ನು ನಿಲ್ಲಿಸಿದ ಮೇಲೆ ಅಕ್ಕನನ್ನು ನೆನೆದು ಸೆರಗಿನಿಂದ ಕಣ್ಣು ಒತ್ತಿಕೊಂಡರು.

ಪರೀಕ್ಷೆಯ ಹಿಂದಿನ ವಾರ ನಾವು ಮುಸ್ಸಂಜೆಗೇ ಕೂತೆವು. ಪರೀಕ್ಷೆ ಹಗಲಲ್ಲೇ, ನಿಜವಾಗಿ ಬೇಕಾಗಿರಲಿಲ್ಲ. ಅವಳೇ ಹಠ ಮಾಡಿದಳು. ನನ್ನ ಕಿವಿಯ ಮೆಷಿನ್ ಆ ದಿನ ಸೀಟಿ ಹೊಡೆಯುತ್ತಿತ್ತು. ಎರಡನ್ನೂ ತೆಗೆದು ಡಬ್ಬಿಯಲ್ಲಿ ಹಾಕಿದ್ದೆ. ನನಗೆ ರೆಕಾರ್ಡಿಂಗ್ ಕೇಳಬೇಕಾಗಿರಲಿಲ್ಲ, ಉತ್ತರಗಳು ಬಾಯಿಪಾಠ. ಸ್ಪೀಕರಿನ ಪುಟ್ಟ ನೀಲಿ ದೀಪ ಉರಿಯುವುದು, ಅವಳ ತುಟಿ ಓ ಎಂದು ದುಂಡಗಾಗುವುದು, ಪೆನ್ಸಿಲು ಓಡುವುದು, ಎಲ್ಲವನ್ನೂ ಗಾಜಿನ ಆಚೆಯಿಂದ ನೋಡಿದ ಹಾಗೆ ನೋಡುತ್ತಿದ್ದೆ. ರೆಕಾರ್ಡಿಂಗ್ ಮುಗಿಯಿತು. ನೀಲಿ ದೀಪ ಆರಿತು.

ಆಮೇಲೆ ನನಗೆ ಕೇಳಿತು.

ಕೆರೆಯ ಕಡೆಯಿಂದ, ತುಂಬ ದೂರವೂ ಅಲ್ಲ, ಒಂದು ಹೆಂಗಸಿನ ದನಿ. ಗಟ್ಟಿ ದನಿಯಲ್ಲ. ಅಡುಗೆಮನೆಯಿಂದ ಊಟಕ್ಕೆ ಕರೆಯುವ ಹಾಗೆ. ನಾನು ತಲೆ ತಿರುಗಿಸಿದೆ. ಅದೇ ಕ್ಷಣದಲ್ಲಿ ಅವಳೂ ತಿರುಗಿಸಿದ್ದಳು. ಇಬ್ಬರೂ ಒಂದೇ ಕಿಟಕಿಯನ್ನು ನೋಡುತ್ತಿದ್ದೆವು. ಹೊರಗೆ ಕರೆಂಟಿನ ತಂತಿ, ಅದರಾಚೆ ನೀರು, ನೀರಿನಲ್ಲಿ ಇನ್ನೂ ಸ್ವಲ್ಪ ಆಕಾಶ. ರಸ್ತೆಯಲ್ಲಿ ಯಾರೂ ಇರಲಿಲ್ಲ.

ನಾನು ಡಬ್ಬಿ ತೆರೆದು ಮೆಷಿನ್ ಹಾಕಿಕೊಂಡೆ. ಫ್ಯಾನಿನ ಸದ್ದು, ಕಪ್ಪೆಗಳು, ದೂರದ ಬಸ್ಸು, ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಆ ದನಿ ಇರಲಿಲ್ಲ.

"ನಿಮಗೂ ಕೇಳಿತು," ಎಂದಳು ಅವಳು. ಅದು ಪ್ರಶ್ನೆಯಾಗಿರಲಿಲ್ಲ. ನಿನಗೆ ಎಂತ ಕೇಳಿತು, ಮೊದಲು ನೀನು ಹೇಳು, ಎಂದೆ.

"ಮಗಾ ಅಂತ."

ನನಗೆ ಕೇಳಿದ್ದು ಬೇರೆ. ನನಗೆ ಕೇಳಿದ್ದು ಕೊಂಕಣಿಯಲ್ಲಿ ನನ್ನ ಮುದ್ದಿನ ಹೆಸರು, ನನ್ನ ತಾಯಿ ಮಾತ್ರ ಕರೆಯುತ್ತಿದ್ದ, ಇಲ್ಲಿ ಬರೆಯಲೂ ನಾಚಿಕೆಯಾಗುವಷ್ಟು ಚಿಕ್ಕ ಹುಡುಗಿಯ ಹೆಸರು. ಅದು ಗೊತ್ತಿದ್ದ ಕೊನೆಯವರು ನನ್ನ ಅಕ್ಕ. ಅವರು ಮಣ್ಣಾಗಿ ಎಷ್ಟೋ ಕಾಲವಾಯಿತು. ಈಗ ನನ್ನನ್ನು ಎಲ್ಲರೂ ಟೀಚರ್ ಎನ್ನುತ್ತಾರೆ, ಅಜ್ಜಿ ಎನ್ನುತ್ತಾರೆ, ಬಾಯಮ್ಮ ಎನ್ನುತ್ತಾರೆ.

"ಓ ಅಂದೆಯಾ?" ಎಂದು ಕೇಳಿದೆ.

ಅವಳು ಇಲ್ಲವೆಂದು ತಲೆಯಾಡಿಸಿದಳು. "ಸ್ಪೀಕರಿಗೆ ಆಗ್ತದೆ ಟೀಚರ್. ಅಮ್ಮನಿಗೆ ಆಗುವುದಿಲ್ಲ."

ಪರೀಕ್ಷೆ ಪಾಸಾಯಿತು. ಲಿಸನಿಂಗಿನಲ್ಲಿ ಬೇಕಾದುದಕ್ಕಿಂತ ಹೆಚ್ಚೇ ಮಾರ್ಕು. ಚಿಕ್ಕಮ್ಮ ಪಡೀಲಿನ ಅಂಗಡಿಯಿಂದ ಜಿಲೇಬಿ ತಂದುಕೊಟ್ಟು, ಬಾಯಮ್ಮ ನೀವು ಮಂತ್ರವಾದಿಗಳು ಎಂದರು. ವೀಸಾ ಬಂತು, ಸ್ವೆಟರ್ ಕೊಂಡಾಯಿತು, ಮನೆಗೆ ಬೀಗ ಹಾಕುವುದೋ ಬಾಡಿಗೆಗೆ ಕೊಡುವುದೋ ಎಂಬ ಚರ್ಚೆಯಾಗಿ ಕೊನೆಗೆ ಚಿಕ್ಕಮ್ಮನೇ ಇರುವುದೆಂದಾಯಿತು.

ಈಗ ಅವಳು ಅಲ್ಲಿದ್ದಾಳೆ. ಹಿಯರ್ ಫ್ರಮ್, ಹಿಯರ್ ಆಫ್ ಎಂದು ಮಕ್ಕಳಿಗೆ ಬೇರೆ ಬೇರೆ ಹೇಳಿಕೊಡುತ್ತಿದ್ದೆ. ಅವಳೇ ಮೆಸೇಜ್ ಮಾಡಿದರೆ ಹಿಯರ್ ಫ್ರಮ್. ಅವಳ ಸುದ್ದಿಯನ್ನು ಚಿಕ್ಕಮ್ಮ ಬಂದು ಹೇಳಿದರೆ ಹಿಯರ್ ಆಫ್. ಎರಡೂ ಆಗುತ್ತಾ ಇರುತ್ತದೆ. ಕ್ರಿಸ್ಮಸ್ಸಿಗೆ ಅವಳು ಬರೆದಳು, ಟೀಚರ್, ಇಲ್ಲಿ ಡಿಸೆಂಬರಿನಲ್ಲಿ ಮಧ್ಯಾಹ್ನ ಕಳೆದ ಕೂಡಲೆ ಮುಸ್ಸಂಜೆ, ಯಾರೂ ಕರೆಯುವುದಿಲ್ಲ, ಎಂದು. ಅದು ನೆಮ್ಮದಿಯೋ ದೂರೋ ಎಂದು ನನಗೆ ಗೊತ್ತಾಗಲಿಲ್ಲ. ಓದಿ ಓದಿ ನೋಡಿದೆ. ದನಿ ಇಲ್ಲದ ಮಾತಿನಲ್ಲಿ ಅದೊಂದು ತೊಂದರೆ.

ಇಲ್ಲಿ ಮಾತ್ರ ಕೆಲವು ಸಂಜೆ ಬರುತ್ತದೆ, ಮೆಷಿನ್ ತೆಗೆದಿಟ್ಟ ಸಂಜೆಗಳಲ್ಲಿ. ನನ್ನದೇ ಹೆಸರು, ಒಂದೇ ಸಲ. ನಾನು ಇದುವರೆಗೆ ಓ ಎಂದಿಲ್ಲ. ಚಿಕ್ಕಮ್ಮನ ಮಾತು ನಂಬುತ್ತೇನೆ ಎಂದಲ್ಲ, ನಂಬುವುದಿಲ್ಲ ಎಂದೂ ಅಲ್ಲ. ಕಿವಿಗೊಟ್ಟು ಕೂತಿರುತ್ತೇನೆ. ಆಗೆಲ್ಲ ಅವಳು ಹೊರಟ ಆ ದಿನ ಕಣ್ಣ ಮುಂದೆ ಬರುತ್ತದೆ.

ರಾತ್ರಿಯ ವಿಮಾನ. ಏರ್‌ಪೋರ್ಟಿಗೆ ಹೋಗುವ ದಾರಿ ನಮ್ಮ ಮನೆಯ ಮುಂದೆಯೇ ಹೋಗುವುದರಿಂದ ಟ್ಯಾಕ್ಸಿ ನಿಲ್ಲಿಸಿ ಹೇಳಿ ಹೋಗಲು ಇಳಿದಿದ್ದಳು. ದೀಪ ಹಚ್ಚುವ ಹೊತ್ತು. ಹೊಸ ಶೂ, ತೋಳ ಮೇಲೆ ಸ್ವೆಟರ್. ನನ್ನನ್ನು ಅಪ್ಪಿಕೊಂಡಾಗ ಮೆಷಿನ್ ಎಂದಿನ ಹಾಗೆ ಸೀಟಿ ಹೊಡೆಯಿತು. ಎರಡನ್ನೂ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಅವಳು ಏನೋ ಹೇಳಿದಳು, ಕೇಳಲಿಲ್ಲ, ನಾನು ತಲೆಯಾಡಿಸಿದೆ. ಗೇಟು ದಾಟಿ ಟ್ಯಾಕ್ಸಿಯ ಕಡೆ ನಡೆದಳು. ಮುಂದಿನ ಸೀಟಿನಲ್ಲಿ ಚಿಕ್ಕಮ್ಮ ಬ್ಯಾಗಿನ ವಿಷಯಕ್ಕೆ ಡ್ರೈವರಿಗೆ ಬೈಯುತ್ತಿದ್ದದ್ದು ಅವರ ಕೈಗಳಿಂದ ಗೊತ್ತಾಗುತ್ತಿತ್ತು.

ಟ್ಯಾಕ್ಸಿಯ ಬಾಗಿಲಿಗೆ ಅವಳು ಕೈ ಹಾಕುವಾಗ ಅದು ಬಂತು. ಕೆರೆಯ ಆಚೆಯಿಂದ. ಈ ಸಲ ನನ್ನ ಹೆಸರಲ್ಲ.

ಮಗಾ.

ಚಿಕ್ಕಮ್ಮ ಬೈಯುವುದನ್ನು ನಿಲ್ಲಿಸಲಿಲ್ಲ. ಡ್ರೈವರ್ ತಲೆ ಎತ್ತಲಿಲ್ಲ. ಅವಳು ನಿಂತಳು. ಕತ್ತು ಓರೆಯಾಯಿತು, ನಾನು ಎಷ್ಟೋ ಸಂಜೆ ನೋಡಿದ ಹಾಗೆ. ಆದರೆ ಕಾಯಲಿಲ್ಲ. ಅವಳ ತುಟಿ ದುಂಡಗಾಗುವುದನ್ನು ನಾನು ಬೀದಿದೀಪದ ಬೆಳಕಿನಲ್ಲಿ ಸ್ಪಷ್ಟವಾಗಿ ನೋಡಿದೆ. ಓ. ಒಳಮನೆಯಿಂದ, ಕೈಯ ಕೆಲಸ ಬಿಟ್ಟು, ಬಂದೆ ಎಂದು ಹೇಳುವವರ ಹಾಗೆ.

ಏನೂ ಆಗಲಿಲ್ಲ. ಕೆರೆಯ ನೀರು ಇದ್ದ ಹಾಗೆಯೇ ಇತ್ತು. ಅವಳು ಒಳಗೆ ಕೂತು ಬಾಗಿಲು ಎಳೆದುಕೊಂಡಳು. ಟ್ಯಾಕ್ಸಿ ತಿರುವಿಗೆ ಹೋಗುವವರೆಗೆ ಹಿಂದಿನ ಗಾಜಿನಲ್ಲಿ ಅವಳ ತಲೆ ಕಾಣುತ್ತಿತ್ತು. ನನ್ನ ಕಡೆಗಲ್ಲ, ಕೆರೆಯ ಕಡೆಗೆ ತಿರುಗಿತ್ತು, ಎದುರಿಗೆ ಕೂತ ಹಿರಿಯರು ಮೆಲ್ಲಗೆ ಏನೋ ಹೇಳುತ್ತಿರುವಾಗ ಕಿವಿಗೊಟ್ಟು ಕೂರುತ್ತೇವಲ್ಲ, ಹಾಗೆ. ನಾನು ಅವಳನ್ನು ನೋಡಿದ್ದು ಅದೇ ಕೊನೆ.